ಮಗಳಿಗೆ ಪಾಪನಿವೇದನೆ ಕಲಿಸಬೇಕು, ಆದರೆ ನನ್ನ ಭಯವನ್ನು ಕಲಿಸುವುದು ಬೇಡ

ಹೇಮಾವತಿ ತೀರದವಳು

ನನ್ನ ಮಗಳಿಗೆ ಈ ವರ್ಷ ಪೂಜೆಯ ಪವಿತ್ರ ರೊಟ್ಟಿಯನ್ನು ಸ್ವೀಕರಿಸುವ ಮೊದಲ ಪರಮಪ್ರಸಾದ, ಅದಕ್ಕೂ ಮುಂಚೆ ಗುರುಗಳ ಮುಂದೆ ತಪ್ಪು ಒಪ್ಪಿಕೊಳ್ಳುವ ಮೊದಲ ಪಾಪನಿವೇದನೆ. ಧರ್ಮೋಪದೇಶದ ತರಗತಿಯಲ್ಲಿ ಸಿಸ್ಟರ್ ಚೆನ್ನಾಗಿಯೇ ಕಲಿಸುತ್ತಿದ್ದಾರೆ. ತೊಂದರೆ ಇರುವುದು ಮನೆಯಲ್ಲಿ, ಅದರಲ್ಲೂ ನನ್ನಲ್ಲಿ.

ನಾನು ಹಾಸನದ ಕಡೆಯ ಒಂದು ಕ್ರೈಸ್ತ ಹಳ್ಳಿಯಲ್ಲಿ ಬೆಳೆದವಳು. ಪಾಪವನ್ನು ಮುಚ್ಚಿಟ್ಟು ಪರಮಪ್ರಸಾದ ಸ್ವೀಕರಿಸಿದ ಹುಡುಗಿಯೊಬ್ಬಳು ಅದೇ ರಾತ್ರಿ ನಿದ್ದೆಯಲ್ಲಿ ಸತ್ತು ನರಕಕ್ಕೆ ಹೋದ ಕಥೆಯನ್ನು ನಮಗೆ ಹೇಳುತ್ತಿದ್ದರು. ಆ ಕಥೆ ಕೇಳಿದ ಮೇಲೆ ಎಷ್ಟೋ ರಾತ್ರಿ ಜಪಮಾಲೆಯನ್ನು ಮಣಿಕಟ್ಟಿಗೆ ಸುತ್ತಿಕೊಂಡು ಮಲಗಿದ್ದೇನೆ. ಈಗ ಬೆಂಗಳೂರಿನಲ್ಲಿ ಕೆಲಸ, ಸಂಸಾರ ಎಲ್ಲವೂ ಇದ್ದು, ದೇವರು ಪ್ರೀತಿಸ್ವರೂಪಿ ಎಂಬುದನ್ನು ನೂರು ಸಲ ಓದಿಯೂ, ಪಾಪನಿವೇದನೆ ಮುಗಿಸಿ ಬೆಂಚಿನಲ್ಲಿ ಮಂಡಿಯೂರಿದ ಕೂಡಲೇ "ಸರಿಯಾಗಿ ಹೇಳಿದೆನೇ, ಎಷ್ಟು ಸಲ ಎಂಬುದನ್ನು ಹೇಳಲಿಲ್ಲವಲ್ಲ" ಎಂಬ ಯೋಚನೆ ಹತ್ತುತ್ತದೆ. ಎದ್ದು ಮತ್ತೆ ಅದೇ ಸಾಲಿನಲ್ಲಿ ನಿಂತದ್ದೂ ಉಂಟು.

ಮೊನ್ನೆ ಮಗಳ ನೋಟ್‌ಬುಕ್ ಕಣ್ಣಿಗೆ ಬಿತ್ತು. ಪೆನ್ಸಿಲಿನಲ್ಲಿ ಬರೆದಿದ್ದಳು: ಅಮ್ಮನಿಗೆ ಸುಳ್ಳು ಹೇಳಿದೆ. ತಮ್ಮನ ಬಣ್ಣದ ಡಬ್ಬಿ ಒಡೆದೆ. ಜಪ ಮಾಡುವಾಗ ನಿದ್ದೆ ಮಾಡಿದೆ. ಇವುಗಳ ಕೆಳಗೆ "ಇನ್ನೂ ಇರಬಹುದು, ನೆನಪಿಲ್ಲ" ಎಂದು ಬರೆದು ಎರಡು ಗೆರೆ ಎಳೆದಿದ್ದಳು. ಮೇಲಿನ ಮೂರು ಸಾಲುಗಳು ಮಗುವಿನವು. ಆ ಕೊನೆಯ ಸಾಲು ಮಾತ್ರ ನನ್ನದೇ.

ನಮ್ಮ ಅತ್ತೆಯವರ ಪ್ರಕಾರ ಭಯವಿಲ್ಲದೆ ಬೆಳೆದ ಮಕ್ಕಳು ದೊಡ್ಡವರಾದ ಮೇಲೆ ದೇವಾಲಯದ ಮೆಟ್ಟಿಲು ಹತ್ತುವುದಿಲ್ಲ. ಭಯದಿಂದ ಪ್ರೀತಿಯ ಕಡೆಗೆ ನಿಜವಾಗಿ ಸಾಗಿದವರು ಇಲ್ಲಿ ಇದ್ದರೆ, ಹೇಗೆ ಸಾಗಿದಿರಿ ಎಂದು ದಯವಿಟ್ಟು ತಿಳಿಸಿ. ಕ್ಯಾಥೊಲಿಕರೇ ಆಗಬೇಕೆಂದಿಲ್ಲ.

ಕುಡ್ಲದ ಓದುಗ

ಅಕ್ಕ, ಈ ಭಯಕ್ಕೆ ಒಂದು ಚರಿತ್ರೆ ಇದೆ. ಅದು ಗೊತ್ತಾದರೆ ನಿಮ್ಮ ಭಾರ ಸ್ವಲ್ಪವಾದರೂ ಕಡಿಮೆಯಾದೀತು ಎಂದು ಬರೆಯುತ್ತಿದ್ದೇನೆ. ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿ ಜಾನ್ಸೆನಿಸ್ಟರ ಪಂಥ ಬಲವಾಯಿತು. ಮನುಷ್ಯನು ಪರಮಪ್ರಸಾದಕ್ಕೆ ಯೋಗ್ಯನಾಗುವುದೇ ಅಪರೂಪ, ಆದ್ದರಿಂದ ದೂರ ಉಳಿಯುವುದೇ ಭಕ್ತಿ ಎಂಬ ಮನೋಭಾವವನ್ನು ಅವರು ಬೆಳೆಸಿದರು. 1643ರಲ್ಲಿ ಆಂಟ್ವಾನ್ ಆರ್ನೋ ಈ ವಿಷಯದ ಮೇಲೆ ದೊಡ್ಡ ಗ್ರಂಥವನ್ನೇ ಬರೆದರು. ಆ ಪಂಥವನ್ನು ರೋಮ್ ಖಂಡಿಸಿತಾದರೂ ಅದರ ಗಾಳಿ ಮಾತ್ರ ಗುರುಮಠಗಳಲ್ಲಿ, ಕಾನ್ವೆಂಟುಗಳಲ್ಲಿ ಬಹುಕಾಲ ಉಳಿಯಿತು. ಕೊನೆಗೆ ಪೋಪ್ ಹತ್ತನೆಯ ಪಿಯುಸ್ 1905ರಲ್ಲಿ ಆಜ್ಞೆ ಹೊರಡಿಸಿ, ಮಾರಕ ಪಾಪವಿಲ್ಲದೆ ಸದುದ್ದೇಶದಿಂದ ಬರುವ ಯಾರನ್ನೂ ದಿನನಿತ್ಯದ ಪರಮಪ್ರಸಾದದಿಂದಲೂ ತಡೆಯಬಾರದು ಎಂದರು. 1910ರಲ್ಲಿ ಏಳರ ಆಸುಪಾಸಿನ ಮಕ್ಕಳಿಗೂ ಬಾಗಿಲು ತೆರೆದರು. ನಿಮ್ಮ ಮಗಳು ಈ ವಯಸ್ಸಿನಲ್ಲಿ ಪರಮಪ್ರಸಾದ ಪಡೆಯುತ್ತಿರುವುದೇ ಆ ಭಯದ ವಿರುದ್ಧ ಬಂದ ತೀರ್ಪಿನಿಂದ.

ಇನ್ನು ಲಿಸಿಯೋದ ಸಂತ ತೆರೇಸಾ. ಎಲ್ಲರ ಮನೆಯಲ್ಲೂ ಗುಲಾಬಿ ಹಿಡಿದ ಅವರ ಪಟವಿದೆ. ಆದರೆ ಹನ್ನೆರಡರ ವಯಸ್ಸಿನಲ್ಲಿ ಸುಮಾರು ಒಂದೂವರೆ ವರ್ಷ ಆ ಹುಡುಗಿ ನಿಮ್ಮದೇ ಸಂಕಟವನ್ನು ಅನುಭವಿಸಿದ್ದಳೆಂದು ಹೇಳುವವರು ಕಡಿಮೆ. ಮನಸ್ಸಿನಲ್ಲಿ ಹಾದುಹೋದ ಪ್ರತಿ ಯೋಚನೆಯನ್ನೂ ಅಕ್ಕ ಮರಿಯಾಳಿಗೆ ಒಪ್ಪಿಸದೆ ಅವಳಿಗೆ ಸಮಾಧಾನವಿರುತ್ತಿರಲಿಲ್ಲ. ಕಾರ್ಮೆಲ್ ಮಠ ಸೇರಿದ ಮೇಲೆ, 1891ರ ಧ್ಯಾನಕೂಟದಲ್ಲಿ ಫ್ರಾನ್ಸಿಸ್ಕನ್ ಗುರು ಅಲೆಕ್ಸಿಸ್ ಪ್ರೂ, "ನಿನ್ನ ಕುಂದುಗಳು ದೇವರನ್ನು ನೋಯಿಸುತ್ತಿಲ್ಲ" ಎಂಬರ್ಥದ ಮಾತನ್ನು ಆಕೆಗೆ ಹೇಳಿದರು. ಅಂಥ ಮಾತನ್ನು ಆಕೆ ಅಲ್ಲಿಯವರೆಗೆ ಯಾರಿಂದಲೂ ಕೇಳಿರಲಿಲ್ಲ. ಆಗಿನ ಕೆಲವು ಸಂನ್ಯಾಸಿನಿಯರು ದೇವರ ನ್ಯಾಯದಂಡನೆಗೆ ತಮ್ಮನ್ನೇ ಬಲಿಯಾಗಿ ಅರ್ಪಿಸಿಕೊಳ್ಳುತ್ತಿದ್ದರು. 1895ರ ಜೂನ್‌ನಲ್ಲಿ ತೆರೇಸಾ ತನ್ನನ್ನು ಅರ್ಪಿಸಿಕೊಂಡದ್ದು ದೇವರ ಕರುಣಾಮಯ ಪ್ರೀತಿಗೆ. 1997ರಲ್ಲಿ ಧರ್ಮಸಭೆ ಆಕೆಗೆ ಆಚಾರ್ಯ ಪದವಿ ನೀಡಿತು. ಅಂದರೆ ಇದು ಮೃದು ಮನಸ್ಸಿನ ಒಬ್ಬ ಹುಡುಗಿಯ ಭಾವುಕತೆಯಲ್ಲ, ಧರ್ಮಸಭೆಯ ಬೋಧನೆ.

ವಾಕ್ಯನಿಷ್ಠ

ಸಹೋದರಿಯ ನೋವು ಅರ್ಥವಾಗುತ್ತದೆ. ಆದರೂ ಒಂದು ಮಾತು ಹೇಳಲೇಬೇಕು. ಯೆಹೋವನ ಭಯವೇ ಜ್ಞಾನಕ್ಕೆ ಮೂಲ ಎಂದು ಜ್ಞಾನೋಕ್ತಿಗಳ ಮೊದಲ ಅಧ್ಯಾಯವೇ ಹೇಳುತ್ತದೆ. ದೇಹವನ್ನು ಕೊಲ್ಲುವವರಿಗೆ ಹೆದರಬೇಡಿ, ದೇಹ ಆತ್ಮ ಎರಡನ್ನೂ ನರಕದಲ್ಲಿ ನಾಶಮಾಡಬಲ್ಲವನಿಗೆ ಹೆದರಿರಿ ಎಂದವನು ಯೇಸುವೇ; ಅದು ಮತ್ತಾಯ 10:28. ಇವತ್ತಿನ ಬೋಧನೆಗಳಲ್ಲಿ ಪಾಪದ ಮಾತೇ ಇಲ್ಲ, ನ್ಯಾಯತೀರ್ಪಿನ ಮಾತೇ ಇಲ್ಲ, ಬರೀ ಆಶೀರ್ವಾದ. ಹೀಗೆ ಭಯವನ್ನು ತೆಗೆದುಹಾಕಿದ ಸಭೆಗಳಲ್ಲಿ ಪರಿಶುದ್ಧತೆಯೂ ಉಳಿಯಲಿಲ್ಲ ಎಂಬುದನ್ನು ನಾನು ಕಣ್ಣಾರೆ ನೋಡುತ್ತಿದ್ದೇನೆ. ನಾಜಿಗಳು 1945ರ ಏಪ್ರಿಲ್ 9ರಂದು ಗಲ್ಲಿಗೇರಿಸಿದ ಜರ್ಮನ್ ಬೋಧಕ ಬಾನ್‌ಹಾಫರ್ "ಅಗ್ಗದ ಕೃಪೆ" ಎಂದು ಎಚ್ಚರಿಸಿದ್ದು ಇದನ್ನೇ.

ಗದಗಿನ ಸಭೆಯವ

ವಾಕ್ಯನಿಷ್ಠರೇ, 28ನೇ ವಚನದಲ್ಲಿ ನಿಲ್ಲಿಸಿದ್ದೇಕೆ? ಕಾಸಿಗೆ ಮಾರಾಟವಾಗುವ ಗುಬ್ಬಿಗಳ ಮಾತು ಬರುವುದು ಅದರ ಮರುವಚನದಲ್ಲೇ. ತಲೆಯ ಕೂದಲುಗಳೆಲ್ಲ ಎಣಿಕೆಯಾಗಿವೆ ಎಂಬುದು 30ರಲ್ಲಿ. 31ರಲ್ಲಿ "ಆದ್ದರಿಂದ ಹೆದರಬೇಡಿರಿ" ಎಂದೇ ಇದೆ. ಹೆದರಿರಿ ಎಂದ ಬಾಯಿಯೇ ಮೂರು ವಚನ ಕಳೆಯುವುದರೊಳಗೆ ಹೆದರಬೇಡಿ ಎನ್ನುತ್ತದೆ. ಆ ಎರಡೂ ಮಾತುಗಳನ್ನು ಒಟ್ಟಿಗೆ ಹಿಡಿಯದೆ ಮೊದಲನೆಯದನ್ನಷ್ಟೇ ಮಕ್ಕಳ ತಲೆಗೆ ತುಂಬಿದ್ದರಿಂದಲೇ ಈ ಅಕ್ಕನವರ ಪಾಡು ಹೀಗಾಗಿದೆ.

ನಮ್ಮದು ಬಾಸೆಲ್ ಮಿಷನ್ ಮೂಲದ ಪ್ರೊಟೆಸ್ಟಂಟ್ ಸಭೆ, ಈಗ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ). ಪಾಪನಿವೇದನೆಯ ಪೆಟ್ಟಿಗೆ ನಮ್ಮಲ್ಲಿಲ್ಲ. ಭಯ ಬೇರೆ ದಾರಿಯಿಂದ ಬಂತು. ಅಯೋಗ್ಯವಾಗಿ ಈ ರೊಟ್ಟಿ ತಿನ್ನುವವನು ತನಗೆ ದಂಡನೆಯನ್ನೇ ತಿಂದು ಕುಡಿಯುತ್ತಾನೆ ಎಂಬ 1 ಕೊರಿಂಥ 11ರ ಮಾತನ್ನು ಕೇಳಿ ಕೇಳಿ, ಕರ್ತನ ಭೋಜನದ ಭಾನುವಾರ ಆರಾಧನೆಯ ಮಧ್ಯದಲ್ಲೇ ಎದ್ದು ಹೋಗುವ ಹಿರಿಯರನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ನಮ್ಮ ಅಜ್ಜಿ ಹಾಗೆ ಎದ್ದು ಹೋಗಿ ಹೊರಗೆ ಬೇವಿನ ಕಟ್ಟೆಯ ಮೇಲೆ ಕುಳಿತಿರುತ್ತಿದ್ದರು. ಒಳಗಿನಿಂದ ಕೀರ್ತನೆ ಕೇಳಿಬಂದಾಗ ತಾವೂ ದನಿಗೂಡಿಸುತ್ತಿದ್ದರು. ಅದೇ ಅಧ್ಯಾಯದ 21, 22ನೇ ವಚನಗಳನ್ನು ಓದಿದರೆ ಪೌಲನ ಸಿಟ್ಟು ಯಾರ ಮೇಲೆ ಎಂಬುದು ಸ್ಪಷ್ಟವಾಗುತ್ತದೆ: ಬಡವರು ಹಸಿದಿರುವಾಗ ತಾವು ಮೊದಲೇ ಉಂಡು ಕುಡಿದು ಅಮಲೇರಿದ ಉಳ್ಳವರ ಮೇಲೆ. ತನ್ನ ಯೋಗ್ಯತೆಯ ಬಗ್ಗೆ ನಡುಗುತ್ತ ಕಟ್ಟೆಯ ಮೇಲೆ ಕುಳಿತ ಮುದುಕಿಯನ್ನು ಪೌಲ ಬೈದಿರಲಿಲ್ಲ.

ದೋಹಾ ಕನ್ನಡಿಗ

ಅಜ್ಜಿಯವರು ಕೊನೆಗಾದರೂ ಒಳಗೆ ಬಂದರೇ?

ಗದಗಿನ ಸಭೆಯವ

ಬಂದರು. ಹೊಸದಾಗಿ ಬಂದ ಅಯ್ಯನವರು ಒಂದು ಭಾನುವಾರ ರೊಟ್ಟಿ, ದ್ರಾಕ್ಷಾರಸ ಎರಡನ್ನೂ ಹಿಡಿದು ಕಟ್ಟೆಯ ಬಳಿಗೇ ಹೋದರು. "ನೀವು ಬರದಿದ್ದರೆ ಇದೇ ಇಲ್ಲಿಗೆ ಬರುತ್ತದೆ, ಅಮ್ಮ" ಎಂದರಂತೆ. ಮುಂದಿನ ತಿಂಗಳಿನಿಂದ ಅಜ್ಜಿ ಒಳಗೇ ಕುಳಿತರು.

ಎಲ್ಲಿಗೂ ಸೇರದವನು

ನಾನು ಹಲವು ವರ್ಷ ಒಂದು ಪ್ರಾರ್ಥನಾ ಮಂದಿರಕ್ಕೆ ಹೋಗುತ್ತಿದ್ದೆ. ಆದಾಯದ ಹತ್ತನೇ ಒಂದು ಪಾಲು, ದಶಮಾಂಶ, ಕೊಡದಿದ್ದರೆ ಬೈಬಲಿನ ಮಲಾಕಿಯ ಗ್ರಂಥದ ಶಾಪ. ಉಪವಾಸ ಪ್ರಾರ್ಥನೆ ತಪ್ಪಿಸಿದ್ದರಿಂದಲೇ ಮಗುವಿಗೆ ಜ್ವರ. ಯೇಸು ಬಂದು ಭಕ್ತರನ್ನು ಮೇಲಕ್ಕೆ ಕರೆದೊಯ್ಯುವ ದಿನ, ಅಂದರೆ ಸಭೆ ಎತ್ತಲ್ಪಡುವ ದಿನ, ನೀನು ಮಾತ್ರ ಹಿಂದೆ ಉಳಿಯುತ್ತೀ. ಅಲ್ಲಿ ನಮ್ಮನ್ನು ಹಿಡಿದಿಟ್ಟಿದ್ದು ಈ ಮೂರು. ಕಾಲೇಜಿನಿಂದ ಮನೆಗೆ ಬಂದಾಗ ಅಮ್ಮ ಕಾಣದಿದ್ದರೆ ಎದೆ ಡವಗುಟ್ಟುತ್ತಿತ್ತು, ಎಲ್ಲರೂ ಮೇಲಕ್ಕೆ ಹೋಗಿಬಿಟ್ಟರು ಎಂದು. ಪಕ್ಕದ ಮನೆಯಿಂದ ಅಮ್ಮನ ದನಿ ಕೇಳಿಸಿದ ಮೇಲೆಯೇ ಉಸಿರು ಬರುತ್ತಿತ್ತು.

ಎತ್ತಲ್ಪಡುವಿಕೆಯ ಈ ಕ್ರಮವನ್ನು 1830ರ ದಶಕದಲ್ಲಿ ಜಾನ್ ನೆಲ್ಸನ್ ಡಾರ್ಬಿ ಎಂಬ ಬೋಧಕರು ಪ್ರಚಾರಕ್ಕೆ ತಂದರೆಂಬುದು ನನಗೆ ಬಹಳ ತಡವಾಗಿ ತಿಳಿಯಿತು. ಕ್ರಿಸ್ತನು ನಮ್ಮನ್ನು ಶಾಪದಿಂದಲೇ ಬಿಡಿಸಿದನೆಂದು ಗಲಾತ್ಯ 3:13 ಹೇಳುವುದೂ ಅಷ್ಟೇ ತಡವಾಗಿ ಕಣ್ಣಿಗೆ ಬಿತ್ತು. ಈಗ ನಾನು ಯಾವ ಸಭೆಯಲ್ಲೂ ಇಲ್ಲ, ಆದರೆ ಯೇಸುವನ್ನು ಬಿಟ್ಟಿಲ್ಲ. ವಾಕ್ಯನಿಷ್ಠರೇ, ಭಯದಿಂದ ಪರಿಶುದ್ಧತೆ ಬರುತ್ತದೆ ಎನ್ನುತ್ತೀರಿ. ನನಗೆ ಬಂದದ್ದು ಲೆಕ್ಕಾಚಾರ. ದೇವರು ಎಲ್ಲಿ ಹೊಡೆಯುತ್ತಾನೋ ಎಂದು ಸದಾ ಕಾದು ಕುಳಿತವನಿಗೆ ಪಕ್ಕದವನ ಕಷ್ಟವನ್ನು ನೋಡಲು ಬಿಡುವೆಲ್ಲಿರುತ್ತದೆ?

ವಾಕ್ಯನಿಷ್ಠ

ತಮ್ಮಾ, ನೀನು ಹೇಳಿದ್ದು ಸುಲಿಗೆ. ಅದನ್ನು ನಾನು ಎಂದೂ ಸಮರ್ಥಿಸುವುದಿಲ್ಲ. ಶಾಪದ ಹೆಸರಿನಲ್ಲಿ ಹಣ ಕೀಳುವವರು ದೇವರಿಗೆ ಹೆದರುವವರಲ್ಲ. ಹೆದರಿದ್ದರೆ ಆ ಕೆಲಸ ಮಾಡುತ್ತಿರಲಿಲ್ಲ. ನನ್ನ ಮಾತು ಇಷ್ಟೇ: ಪರಿಶುದ್ಧನಾದ ದೇವರ ಮುಂದೆ ನಿಂತ ಮನುಷ್ಯನಿಗೆ ನಡುಕ ಬರುವುದು ರೋಗವಲ್ಲ. ಯೆಶಾಯನಿಗೂ ಬಂತು, ಪೇತ್ರನಿಗೂ ಬಂತು.

ನಿವೃತ್ತ ಗುರು

ನಾನು ಬಹಳ ವರ್ಷ ಪಾಪನಿವೇದನೆಯ ಪೀಠದಲ್ಲಿ ಕುಳಿತವನು, ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಇಲ್ಲಿ ಇಬ್ಬರು ಎರಡು ಬೇರೆ ಭಯಗಳ ಬಗ್ಗೆ ಮಾತನಾಡುತ್ತಿದ್ದಾರೆ. ದಂಡನೆಗೆ ಅಂಜುವ ದಾಸನ ಭಯ ಒಂದು, ಪ್ರೀತಿಸುವವರನ್ನು ನೋಯಿಸಿಬಿಟ್ಟೇನೆಂಬ ಮಗನ ಭಯ ಇನ್ನೊಂದು. ಪ್ರೀತಿ ಬೆಳೆದಂತೆ ಮೊದಲನೆಯದು ಕುಗ್ಗುತ್ತದೆ, ಎರಡನೆಯದು ಹೆಚ್ಚುತ್ತದೆ ಎಂದು ಸಂತ ಥಾಮಸ್ ಅಕ್ವಿನಾಸ್ ಬೋಧಿಸಿದ್ದಾರೆ. ಅವರಿಗಿಂತ ಎಂಟು ಶತಮಾನ ಮೊದಲೇ ಸಂತ ಅಗಸ್ಟೀನರು, ಯೊವಾನ್ನರ ಮೊದಲ ಪತ್ರವನ್ನು ವಿವರಿಸುವಾಗ, ಭಯವನ್ನು ಸೂಜಿಗೆ ಹೋಲಿಸಿದರು. ಹೊಲಿಯುವಾಗ ಮೊದಲು ಒಳಗೆ ಹೋಗುವುದು ಸೂಜಿ, ಆದರೆ ಸೂಜಿ ಹೊರಗೆ ಬಾರದೆ ದಾರ ಒಳಸೇರದು, ದಾರವೇ ಪ್ರೀತಿ. ವಾಕ್ಯನಿಷ್ಠರು ಹೇಳುವಂತೆ ಸೂಜಿಗೆ ಕೆಲಸವಿದೆ ಎಂಬುದು ನಿಜ. ಕ್ಯಾಥೊಲಿಕ್ ಬಿಷಪರ ತ್ರೆಂತ್ ಮಹಾಸಭೆಯೂ 1551ರಲ್ಲಿ, ನರಕದ ಭಯದಿಂದ ಹುಟ್ಟಿದ ಅಪೂರ್ಣ ಪಶ್ಚಾತ್ತಾಪವೂ ದೇವರ ವರವೇ, ಅದನ್ನಿಟ್ಟುಕೊಂಡು ಬಂದವನು ಸಂಸ್ಕಾರದಲ್ಲಿ ಕ್ಷಮೆಯನ್ನು ಪಡೆಯಬಲ್ಲ ಎಂದು ಹೇಳಿತು. ಹೇಮಾವತಿಯವರೇ, ಇದನ್ನು ನಿಮಗೆ ಸಮಾಧಾನವಾಗಲೆಂದೇ ಹೇಳುತ್ತಿದ್ದೇನೆ. ಭಯದಿಂದಲೇ ಬಂದಿರಿ ಎನ್ನೋಣ, ಆದರೂ ನಿಮಗೆ ಕ್ಷಮೆ ಸಿಕ್ಕಿದೆ. ಭಯವನ್ನು ಪೂರ್ತಿ ಗೆದ್ದ ಮೇಲೆಯೇ ದೇವರು ಒಪ್ಪುತ್ತಾನೆ ಎಂದುಕೊಂಡರೆ ಅದೇ ಇನ್ನೊಂದು ಭಯವಾಗಿ ಕಾಡುತ್ತದೆ.

ಆದರೆ ಸೂಜಿಯನ್ನು ಬಟ್ಟೆಯಲ್ಲೇ ಬಿಟ್ಟುಬಿಡುವವರಿದ್ದಾರೆ. ಯೇಸುಸಭೆಯ ಸ್ಥಾಪಕರಾದ ಸಂತ ಇಗ್ನೇಷಿಯಸರು 1522ರಲ್ಲಿ ಮನ್ರೇಸಾದಲ್ಲಿದ್ದಾಗ ಹಳೆಯ ಪಾಪಗಳನ್ನೇ ಮತ್ತೆ ಮತ್ತೆ ಒಪ್ಪಿಸುತ್ತ ಜೀವ ಕಳೆದುಕೊಳ್ಳುವ ಯೋಚನೆಯವರೆಗೂ ಹೋಗಿದ್ದರು. ತೀರಾ ಸ್ಪಷ್ಟವಾಗಿ ನೆನಪಿರುವುದನ್ನು ಬಿಟ್ಟು ಬೇರೇನನ್ನೂ ಹೇಳಬೇಡ ಎಂದು ಅವರ ಗುರು ಆದೇಶಿಸಿದರು. ಇಗ್ನೇಷಿಯಸರಿಗೆ ಎಲ್ಲವೂ ತೀರಾ ಸ್ಪಷ್ಟವಾಗಿಯೇ ನೆನಪಿತ್ತು, ಆದ್ದರಿಂದ ಆ ಸಲಹೆಯಿಂದ ಪ್ರಯೋಜನವಾಗಲಿಲ್ಲ. ಹಳೆಯ ಪಾಪಗಳನ್ನು ಇನ್ನೆಂದೂ ಒಪ್ಪಿಸುವುದಿಲ್ಲ ಎಂದು ನಿಶ್ಚಯಿಸಿದ ದಿನ ಅವರು ಬಿಡುಗಡೆ ಹೊಂದಿದರು. ಪಾಪನಿವೇದನೆ ಕೇಳುವ ಗುರುಗಳಿಗೆ ಪಾಲಕರೆನಿಸಿದ ಸಂತ ಅಲ್ಫೋನ್ಸಸ್ ಲಿಗೋರಿಯವರೂ ಈ ಸಂಕಟವನ್ನು ಸ್ವತಃ ಉಂಡವರು. ಹೀಗೆ ನರಳುವವರು ಒಬ್ಬ ವಿವೇಕಿ ಗುರುವಿನ ಮಾತಿಗೆ ವಿಧೇಯರಾಗಬೇಕು, ತಮ್ಮ ಅಳುಕಿಗಲ್ಲ ಎಂಬುದು ಅವರ ಉಪದೇಶ.

ಹಾಗಾಗಿ ನಿಮಗೆ ನನ್ನ ಸಲಹೆ: ಒಬ್ಬರೇ ಗುರುಗಳ ಬಳಿ ಹೋಗಿ. ಮೊದಲೇ ನಿಮ್ಮ ಸ್ಥಿತಿಯನ್ನು ತಿಳಿಸಿ. ಕ್ಷಮಾವಿಧಿ ಮುಗಿದ ಮೇಲೆ ಅದೇ ದಿನ ಮತ್ತೆ ಸಾಲಿಗೆ ಬರಬಾರದೆಂಬ ನಿಯಮವನ್ನು ಅವರಿಂದಲೇ ಕೇಳಿ ಪಡೆದುಕೊಳ್ಳಿ. ನಿಮ್ಮ ಅನುಮಾನಕ್ಕಿಂತ ಅವರ ಮಾತಿಗೆ ಹೆಚ್ಚು ಬೆಲೆ ಕೊಡಿ.

ಬೆಂಗಳೂರಿನ ಮನೋವೈದ್ಯೆ

ಗುರುಗಳು ಹೇಳಿದ್ದಕ್ಕೆ ವೈದ್ಯಕೀಯದ ಕಡೆಯಿಂದ ಒಂದು ಮಾತನ್ನು ಸೇರಿಸುತ್ತೇನೆ. ಪದೇ ಪದೇ ಪಾಪದ ಅನುಮಾನ, ಅದನ್ನು ತಣಿಸಲು ಪದೇ ಪದೇ ತಪ್ಪೊಪ್ಪಿಗೆ ಅಥವಾ ಪ್ರಾರ್ಥನೆ, ಒಂದು ಗಳಿಗೆ ನೆಮ್ಮದಿ, ಮತ್ತೆ ಅನುಮಾನ. ಈ ಸುತ್ತು ದಿನದ ಬಹುಭಾಗವನ್ನು ತಿನ್ನುತ್ತಿದ್ದರೆ ಅದು ಗೀಳು ಕಾಯಿಲೆಯ ಒಂದು ರೂಪವಾಗಿರಬಹುದು. ಕೈ ತೊಳೆದಷ್ಟೂ ಕೊಳೆ ಉಳಿದಿದೆ ಎನ್ನಿಸುವವರದೂ ಇದೇ ಕಾಯಿಲೆ, ವಿಷಯ ಮಾತ್ರ ಬೇರೆ. ಇದು ಎಲ್ಲ ಧರ್ಮದವರಲ್ಲೂ ಇದೆ. ಔಷಧಿಯೂ ಉಂಟು, ನಡವಳಿಕೆ ಚಿಕಿತ್ಸೆಯೂ ಉಂಟು. ಅನುಮಾನ ಬಂದಾಗ ಅದನ್ನು ತಣಿಸುವ ಕ್ರಿಯೆಯನ್ನು ಮಾಡದೆ ತಡೆದುಕೊಳ್ಳುವುದನ್ನು ಆ ಚಿಕಿತ್ಸೆಯಲ್ಲಿ ಹಂತಹಂತವಾಗಿ ಅಭ್ಯಾಸ ಮಾಡಿಸುತ್ತಾರೆ. ನಿಮ್ಹಾನ್ಸ್‌ನಲ್ಲಿ ಗೀಳು ಕಾಯಿಲೆಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ಮೊದಲು ಫೋನಿನಲ್ಲಿ ಮಾತನಾಡಬೇಕೆನ್ನುವವರು ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಕರೆ ಉಚಿತ, ಕನ್ನಡದಲ್ಲೂ ಮಾತನಾಡಬಹುದು.

ಮನೆಯವರು ಗಮನಿಸಬೇಕಾದದ್ದು ಒಂದಿದೆ. "ಅಮ್ಮ, ಇದು ಪಾಪವೇ?" ಎಂದು ಮಗು ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದಾಗ ಪ್ರತಿ ಸಲವೂ ಸಮಾಧಾನ ಹೇಳುತ್ತ ಹೋದರೆ ಗೀಳಿಗೆ ಉಣಿಸು ಹಾಕಿದಂತೆ. ಒಮ್ಮೆ ಪ್ರೀತಿಯಿಂದ ಉತ್ತರಿಸಿ, ಮುಂದೆ "ಇದಕ್ಕೆ ಆಗಲೇ ಉತ್ತರ ಹೇಳಿಯಾಗಿದೆ" ಎಂದು ಬೇರೆ ಕೆಲಸಕ್ಕೆ ಕರೆದೊಯ್ಯಿರಿ. ಒಂದು ನೋಟ್‌ಬುಕ್ಕಿನ ಸಾಲಿನಿಂದ ಮಗುವಿಗೆ ಕಾಯಿಲೆಯಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ನೀವು ಹೇಳಿದ ನಿಮ್ಮ ಅನುಭವವನ್ನು ಒಬ್ಬ ವೈದ್ಯರ ಮುಂದೆ ಇಡುವುದು ಒಳ್ಳೆಯದು.

ವಾಕ್ಯನಿಷ್ಠ

ಆತ್ಮದ ವಿಷಯವನ್ನು ಮಾತ್ರೆಗೆ ಒಪ್ಪಿಸುವುದು ನನಗೆ ಸರಿ ಕಾಣುವುದಿಲ್ಲ.

ನಿವೃತ್ತ ಗುರು

ಕಾಲು ಮುರಿದವನಿಗೆ ನಾವು ಎಣ್ಣೆ ಹಚ್ಚಿ ಪ್ರಾರ್ಥಿಸುವ ಅಭ್ಯಂಗ ಸಂಸ್ಕಾರವನ್ನೂ ಕೊಡುತ್ತೇವೆ, ಆಸ್ಪತ್ರೆಗೂ ಕಳಿಸುತ್ತೇವೆ. ಇಂಥ ಎಷ್ಟೋ ಮಂದಿಯನ್ನು ನಾನೇ ವೈದ್ಯರ ಬಳಿಗೆ ಕಳುಹಿಸಿದ್ದೇನೆ; ಅವರು ಹೆಚ್ಚು ನೆಮ್ಮದಿಯಿಂದ ಪ್ರಾರ್ಥಿಸುವವರಾಗಿ ಹಿಂದಿರುಗಿದ್ದಾರೆ.

ಬೀದರಿನ ಶಿಕ್ಷಕ

ನಮ್ಮ ಮೆಥಡಿಸ್ಟ್ ಪರಂಪರೆಯ ಮೂಲಪುರುಷರಾದ ಜಾನ್ ವೆಸ್ಲಿಯವರ ಬದುಕೇ ಈ ಪ್ರಶ್ನೆಗೆ ಒಂದು ಉತ್ತರ. ಅವರು 1736ರ ಜನವರಿಯಲ್ಲಿ ಹಡಗಿನಲ್ಲಿ ಅಮೆರಿಕಕ್ಕೆ ಹೋಗುತ್ತಿದ್ದಾಗ ಬಿರುಗಾಳಿ ಎದ್ದು, ಸಮುದ್ರವೇ ಹಡಗಿನ ಮೇಲೆ ಉರುಳಿತು. ಎಲ್ಲರೂ ಚೀರಾಡುತ್ತಿದ್ದರೆ ಜರ್ಮನಿಯ ಮೊರೇವಿಯನ್ ಪಂಥದ ಕುಟುಂಬಗಳು ಮಾತ್ರ ಕೀರ್ತನೆ ಹಾಡುವುದನ್ನು ನಿಲ್ಲಿಸಲಿಲ್ಲ. ನಿಮಗೆ ಭಯವಾಗಲಿಲ್ಲವೇ ಎಂದು ವೆಸ್ಲಿ ಕೇಳಿದರು. ಇಲ್ಲ ಎಂದರು. ಹೆಂಗಸರು ಮಕ್ಕಳಿಗಾದರೂ? ಅವರೂ ಸಾಯಲು ಹೆದರುವವರಲ್ಲ ಎಂಬ ಉತ್ತರ ಬಂತು. ವೆಸ್ಲಿ ಆಗಲೇ ಅಭಿಷಿಕ್ತ ಬೋಧಕರು. ಉಪವಾಸ, ಪ್ರಾರ್ಥನೆ, ಸೆರೆಮನೆಯ ಭೇಟಿ ಎಲ್ಲವನ್ನೂ ಗಡಿಯಾರ ಹಿಡಿದು ನಡೆಸಿದವರು. ಆದರೂ ಸಾವಿನ ಭಯ ಅವರನ್ನು ಬಿಟ್ಟಿರಲಿಲ್ಲ. 1738ರ ಮೇ 24ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ ಯಾರೋ ರೋಮಾಪುರದವರ ಪತ್ರಿಕೆಗೆ ಪ್ರೊಟೆಸ್ಟಂಟ್ ಸುಧಾರಕ ಮಾರ್ಟಿನ್ ಲೂಥರರು ಬರೆದ ಮುನ್ನುಡಿಯನ್ನು ಓದುತ್ತಿದ್ದಾಗ ಅವರ ಹೃದಯ ಬೆಚ್ಚಗಾಯಿತು. ಕ್ರಿಸ್ತನು ತನ್ನ ಪಾಪಗಳನ್ನು, ತನ್ನವನ್ನೇ, ತೆಗೆದುಹಾಕಿದ್ದಾನೆಂಬ ಭರವಸೆ ಮೂಡಿತು.

ಈ ಕಥೆಯನ್ನು ಎಲ್ಲರೂ ಇಲ್ಲಿಗೇ ಮುಗಿಸುತ್ತಾರೆ, ಆದರೆ ನನಗೆ ಇಷ್ಟವಾಗುವುದು ಮುಂದಿನ ಭಾಗ. ಆ ಸಂಜೆಯ ನಂತರವೂ ಅವರಿಗೆ ಅನುಮಾನಗಳು ಬಂದವು, ದಿನಚರಿಯಲ್ಲಿ ಅವನ್ನು ಮುಚ್ಚಿಡದೆ ಬರೆದುಕೊಂಡರು. ವೃದ್ಧಾಪ್ಯದಲ್ಲಿ ಹಿಂದಿರುಗಿ ನೋಡಿ, ಆ ಮೊದಲು ತನಗೆ ನಂಬಿಕೆಯೇ ಇರಲಿಲ್ಲವೆನ್ನುವುದು ಸರಿಯಲ್ಲ, ಇದ್ದದ್ದು ದಾಸನ ನಂಬಿಕೆ, ಮಗನ ನಂಬಿಕೆಯಲ್ಲ ಎಂದು ತಿದ್ದಿಕೊಂಡರು. ಭಯದಿಂದ ಸೇವಿಸುವವನನ್ನೂ ದೇವರು ತಳ್ಳುವುದಿಲ್ಲ ಎಂಬ ನಿಲುವಿಗೆ ಬಂದರು. ಒಂದೇ ಸಂಜೆಯಲ್ಲಿ ಎಲ್ಲವೂ ಬದಲಾಗಬೇಕೆಂದು ಕಾಯುವವರಿಗೆ ಇದು ದೊಡ್ಡ ಆಸರೆ.

ಗದಗಿನ ಸಭೆಯವ

ಶಿಕ್ಷಕರೇ, ಆ ಲೂಥರರ ಕಥೆಯೂ ಭಯದಿಂದಲೇ ಶುರುವಾಗುವುದು. 1505ರ ಜುಲೈನಲ್ಲಿ ಸ್ಟೋಟರ್ನ್‌ಹೈಮ್ ಹತ್ತಿರ ಸಿಡಿಲು ಬಡಿದಾಗ, ಸಂತ ಅನ್ನಮ್ಮನವರನ್ನು ಕೂಗಿ, ಬದುಕಿದರೆ ಸಂನ್ಯಾಸಿಯಾಗುತ್ತೇನೆಂದು ಹರಕೆ ಹೊತ್ತರು. ಮಠದಲ್ಲಿ ಗಂಟೆಗಟ್ಟಲೆ ಪಾಪಗಳನ್ನು ಒಪ್ಪಿಸುತ್ತಿದ್ದರು. ಅವರ ಹಿರಿಯರಾದ ಸ್ಟೌಪಿಟ್ಸ್ ಎಂಬ ಗುರುಗಳು, ನಿನ್ನ ಪಾಪಗಳನ್ನು ನೋಡುವುದನ್ನು ಬಿಟ್ಟು ಕ್ರಿಸ್ತನ ಗಾಯಗಳನ್ನು ನೋಡು ಎಂದು ತಿದ್ದಿದರು. ಆದರೂ 1529ರ ಸಣ್ಣ ಪ್ರಶ್ನೋತ್ತರ ಬೋಧನೆಯಲ್ಲಿ ಲೂಥರರು ಆಜ್ಞೆಗಳ ವಿವರಣೆಯನ್ನು "ನಾವು ದೇವರಿಗೆ ಭಯಪಟ್ಟು ಆತನನ್ನು ಪ್ರೀತಿಸಬೇಕು" ಎಂದೇ ಆರಂಭಿಸುತ್ತಾರೆ. ವಾಕ್ಯನಿಷ್ಠರಿಗೆ ಈ ಒಂದು ವಿಷಯದಲ್ಲಿ ನನ್ನ ಬೆಂಬಲವಿದೆ: ಭಯ, ಪ್ರೀತಿ ಎರಡನ್ನೂ ಅವರು ಒಂದೇ ಉಸಿರಿನಲ್ಲಿ ಇಟ್ಟರು.

ಕಡಲತಡಿಯ ಅಮ್ಮ

ನೀವೆಲ್ಲ ಓದಿದವರು, ನಾನು ಬರೆಯುವುದು ಕಡಿಮೆ. ನನ್ನ ಎರಡನೆಯ ಮಗು ಹುಟ್ಟಿದ ಕೆಲವೇ ಗಂಟೆಗಳಲ್ಲಿ ಜ್ಞಾನಸ್ನಾನವಾಗದೆ ತೀರಿಕೊಂಡಿತು. ಆಗಿನ ಕಾಲದಲ್ಲಿ ಅಂಥ ಮಕ್ಕಳನ್ನು ಸಮಾಧಿಭೂಮಿಯ ಮಂತ್ರಿಸಿದ ನೆಲದಲ್ಲಿ ಇಡುತ್ತಿರಲಿಲ್ಲ. ಗೋಡೆಯಾಚೆ, ಗೇರುಮರದ ಕೆಳಗೆ ನನ್ನ ಗಂಡ ಮತ್ತು ಭಾವ ಇಬ್ಬರೇ ಹೋಗಿ ಇಟ್ಟು ಬಂದರು. ಪಾಪು ದೇವರನ್ನು ಎಂದೂ ನೋಡಲಾರದು, ಸ್ವರ್ಗವೂ ಅಲ್ಲದ ನರಕವೂ ಅಲ್ಲದ ಲಿಂಬೋದಲ್ಲಿರುತ್ತದೆ ಎಂದರು. ಆ ದೇವರನ್ನು ನಾನು ಬಹಳ ವರ್ಷ ಹೆದರಿಕೆಯಿಂದ ಪೂಜಿಸಿದೆನೇ ಹೊರತು ಪ್ರೀತಿಸಲಿಲ್ಲ. ಪ್ರೀತಿಸಲು ಹೇಗೆ ಸಾಧ್ಯವಿತ್ತು?

ನಮ್ಮ ಮೊಮ್ಮಗಳು ಒಮ್ಮೆ, ಪೋಪರ ಅನುಮತಿಯೊಂದಿಗೆ 2007ರಲ್ಲಿ ಹೊರಟ ದಸ್ತಾವೇಜನ್ನು ನನಗೆ ಓದಿ ಹೇಳಿದಳು. ಜ್ಞಾನಸ್ನಾನವಿಲ್ಲದೆ ತೀರಿಕೊಂಡ ಶಿಶುಗಳು ರಕ್ಷಣೆ ಹೊಂದಿ ದೇವರ ದರ್ಶನ ಪಡೆಯುತ್ತಾರೆಂದು ನಿರೀಕ್ಷಿಸಲು ಬಲವಾದ ಆಧಾರಗಳಿವೆ ಎಂದು ಅದರಲ್ಲಿದೆಯಂತೆ. ನಾನು ಅವಳಿಂದ ಆ ಭಾಗವನ್ನು ಮತ್ತೊಮ್ಮೆ ಓದಿಸಿದೆ. ಆಮೇಲೆ ಧರ್ಮಕೇಂದ್ರದ ಗುರುಗಳನ್ನು ಕೇಳಿದಾಗ ಅವರು ಮರುಮಾತಿಲ್ಲದೆ ಬಂದು ಆ ಮರದ ಬುಡಕ್ಕೆ ತೀರ್ಥ ಚಿಮುಕಿಸಿ ಪ್ರಾರ್ಥಿಸಿದರು. ಹೆಸರಿಡಬಹುದೇ ಎಂದೆ, ಇಡಿ ಎಂದರು.

ಹೇಮಾವತಿ ಮಗಳೇ, ನಿನ್ನ ಅತ್ತೆಗೆ ಹೇಳು: ಭಯದಿಂದ ನಾನು ಪ್ರತಿ ಭಾನುವಾರ ದೇವಾಲಯದ ಮೆಟ್ಟಿಲು ಹತ್ತಿದೆ ನಿಜ, ಆದರೆ ಆ ವರ್ಷಗಳಲ್ಲೆಲ್ಲ ದೇವರೊಡನೆ ಒಂದು ಮಾತನ್ನೂ ಮನಸ್ಸಿನಿಂದ ಆಡಿರಲಿಲ್ಲ.

ಎಲ್ಲಿಗೂ ಸೇರದವನು

ಅಮ್ಮಾ, ನಿಮ್ಮ ಮಾತು ಓದಿದೆ. ಇದಕ್ಕಿಂತ ಹೆಚ್ಚು ಬರೆಯಲು ಆಗುತ್ತಿಲ್ಲ.

ಕುಡ್ಲದ ಓದುಗ

1983ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲೂ, ಜ್ಞಾನಸ್ನಾನ ಮಾಡಿಸಬೇಕೆಂದು ತಂದೆತಾಯಿಗಳು ಬಯಸಿದ್ದ ಶಿಶು ಅದಕ್ಕೂ ಮೊದಲೇ ತೀರಿಕೊಂಡರೆ ಬಿಷಪರ ಅನುಮತಿಯಿಂದ ಧರ್ಮಸಭೆಯ ಉತ್ತರಕ್ರಿಯೆ ನಡೆಸಬಹುದೆಂದಿದೆ. ಉತ್ತರಕ್ರಿಯೆಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ: ಕ್ರೋಧದ ದಿನವನ್ನು ವರ್ಣಿಸುವ ಹಳೆಯ ಲತೀನ್ ಗೀತೆಯನ್ನು ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಅಂತ್ಯಕ್ರಿಯೆಯ ಪೂಜೆಯಿಂದ ಕೈಬಿಟ್ಟರು. ಆ ರಾಗದ ಗಾಂಭೀರ್ಯ ನನಗೆ ಇಂದಿಗೂ ಬೇಕು. ಆದರೆ ಮಗನನ್ನು ಕಳೆದುಕೊಂಡ ತಾಯಿ ಎದುರಿಗಿರುವಾಗ ಪುನರುತ್ಥಾನದ ಹಾಡೇ ಮೊದಲು ಕೇಳಿಸಬೇಕು ಎಂಬುದೂ ಸರಿಯೇ.

ವಾಕ್ಯನಿಷ್ಠ

ಕಡಲತಡಿಯ ಅಮ್ಮನವರ ಮಾತಿಗೆ ನನ್ನಲ್ಲಿ ವಾದವಿಲ್ಲ. ಯೇಸು ಮಕ್ಕಳನ್ನು ತನ್ನ ಬಳಿಗೆ ಬಿಡಿರಿ ಎಂದನೇ ಹೊರತು ಗೋಡೆಯಾಚೆ ಇಡಿರಿ ಎನ್ನಲಿಲ್ಲ.

ಆದರೂ ನನ್ನ ಪ್ರಶ್ನೆ ಹಾಗೆಯೇ ಇದೆ. ಕೃಪೆ ಹೆಚ್ಚಲೆಂದು ಪಾಪದಲ್ಲಿ ಮುಂದುವರಿಯೋಣವೇ ಎಂದು ರೋಮಾಪುರ 6ರಲ್ಲಿ ಪೌಲನೇ ಕೇಳುತ್ತಾನೆ. ಮಗುವಿಗೆ ಕೃಪೆಯನ್ನಷ್ಟೇ ಹೇಳಿದರೆ ಅದು ಪಾಪವನ್ನು ಹಗುರವಾಗಿ ಕಾಣದಂತೆ ಹೇಗೆ ಕಾಯುತ್ತೀರಿ? ಕೆಣಕಲು ಕೇಳುತ್ತಿಲ್ಲ. ನನಗೂ ಇಬ್ಬರು ಮೊಮ್ಮಕ್ಕಳಿದ್ದಾರೆ.

ಬೀದರಿನ ಶಿಕ್ಷಕ

ಲೂಕ 15ರ ಕಥೆಯಲ್ಲಿ, ಆಸ್ತಿ ಹಾಳುಮಾಡಿ ಹಂದಿ ಕಾದು ಮನೆಗೆ ಮರಳಿದ ತಮ್ಮನಿಗಾಗಿ ತಂದೆ ಹಬ್ಬ ಮಾಡಿದಾಗ ಕೋಪಗೊಂಡ ಹಿರಿಯ ಮಗನನ್ನು ನೋಡಿ, ಹಿರಿಯರೇ. ಇಷ್ಟು ವರ್ಷ ನಿನಗೆ ದಾಸನಂತೆ ದುಡಿದೆ, ನಿನ್ನ ಒಂದು ಅಪ್ಪಣೆಯನ್ನೂ ಮೀರಲಿಲ್ಲ ಎನ್ನುತ್ತಾನೆ. ತಪ್ಪು ಮಾಡದೇ ಇದ್ದವನು ಅವನೇ, ಆದರೂ ಹಬ್ಬದ ಮನೆಯ ಹೊರಗೆ ನಿಂತವನೂ ಅವನೇ. ಕಿರಿಯವನು ಕೊನೆಗೆ ಪಾಪವನ್ನು ಹಗುರವಾಗಿ ಕಂಡನೇ? ಅವನ ಪೂರ್ತಿ ತಪ್ಪೊಪ್ಪಿಗೆ ಬಾಯಿಂದ ಹೊರಡುವ ಮೊದಲೇ ತಂದೆ ನಿಲುವಂಗಿ ತರಿಸಿದ. ಹಾಗೆ ಅಪ್ಪಿಕೊಳ್ಳಲ್ಪಟ್ಟವನು ಮರುದಿನ ಮತ್ತೆ ಹಂದಿಗಳ ಬಳಿಗೆ ಹೋಗುವನೆಂದು ನನಗೆ ಅನ್ನಿಸುವುದಿಲ್ಲ. ನನ್ನ ಶಾಲೆಯಲ್ಲಿ ಬೆತ್ತಕ್ಕೆ ಹೆದರುವ ಮಕ್ಕಳು ಮೇಷ್ಟ್ರು ಬೆನ್ನು ತಿರುಗಿಸುವುದನ್ನೇ ಕಾಯುತ್ತಿದ್ದರು. ಮೇಷ್ಟ್ರನ್ನು ಮೆಚ್ಚಿದವರು ಅವರಿಲ್ಲದಾಗಲೂ ಓದುತ್ತಿದ್ದರು.

ನಿವೃತ್ತ ಗುರು

ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುವ ಪಶ್ಚಾತ್ತಾಪದ ಪ್ರಾರ್ಥನೆಯಲ್ಲೇ ವಾಕ್ಯನಿಷ್ಠರಿಗೆ ಉತ್ತರವಿದೆ. ಸ್ವರ್ಗವನ್ನು ಕಳೆದುಕೊಳ್ಳುವ ಭಯ, ನರಕದ ಯಾತನೆಯ ಭಯ ಎರಡನ್ನೂ ಹೇಳಿದ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಪರಮ ಒಳ್ಳೆಯವನಾದ ನಿನ್ನನ್ನು ನೋಯಿಸಿದ್ದಕ್ಕಾಗಿ ದುಃಖಪಡುತ್ತೇನೆ ಎಂಬ ಭಾಗ ಬರುತ್ತದೆ. ಮೊದಲ ಭಾಗವನ್ನು ಅಳಿಸಬೇಕಾಗಿಲ್ಲ. ಆದರೆ "ಎಲ್ಲಕ್ಕಿಂತ ಹೆಚ್ಚಾಗಿ" ಎಂಬಲ್ಲಿ ದನಿ ಏರಬೇಕು. ನಮ್ಮಲ್ಲಿ ಬಹಳ ಮಂದಿ ಅದನ್ನು ಗಡಿಬಿಡಿಯಲ್ಲಿ ನುಂಗಿಬಿಡುತ್ತಾರೆ.

ಹೇಮಾವತಿ ತೀರದವಳು

ಎಲ್ಲರಿಗೂ ಕೃತಜ್ಞಳಾಗಿದ್ದೇನೆ, ವಿಶೇಷವಾಗಿ ಕಡಲತಡಿಯ ಅಮ್ಮನವರಿಗೆ. ನಿಮ್ಮ ಮಾತನ್ನು ಅತ್ತೆಯವರಿಗೆ ಓದಿ ಹೇಳಿದೆ. ಅವರು ಏನೂ ಹೇಳಲಿಲ್ಲ, ಎದ್ದು ಹೋಗಿ ಅಕ್ಕಿ ಆರಿಸುತ್ತ ಕುಳಿತರು. ಅವರಿಗೂ ಅಂಥದ್ದೇ ಒಂದು ಮಗು ಇತ್ತೆಂದು ರಾತ್ರಿ ನನ್ನ ಗಂಡ ಹೇಳಿದರು. ಇಷ್ಟು ವರ್ಷ ನನಗೆ ತಿಳಿದಿರಲಿಲ್ಲ.

ವೈದ್ಯರನ್ನು ಕಾಣಲು ನಿರ್ಧರಿಸಿದ್ದೇನೆ. ಗುರುಗಳೇ, ನಿಮ್ಮಲ್ಲಿ ಒಂದೇ ಪ್ರಶ್ನೆ: ಆ ಕೊನೆಯ ಸಾಲಿನ ಬಗ್ಗೆ ಮಗಳಿಗೆ ಏನು ಹೇಳಲಿ? ನಿಜವಾಗಿಯೂ ಒಂದು ಪಾಪ ಮರೆತುಹೋದರೆ?

ನಿವೃತ್ತ ಗುರು

ಮರೆತ ಪಾಪವೂ ಉಳಿದವುಗಳ ಜೊತೆಗೆ ಕ್ಷಮಿಸಲ್ಪಟ್ಟಿದೆ ಎಂದು ಹೇಳಿ. ಇದು ನನ್ನ ಔದಾರ್ಯವಲ್ಲ, ಧರ್ಮಸಭೆಯ ಬೋಧನೆ. ಗಂಭೀರವಾದದ್ದು ಮುಂದೆಂದಾದರೂ ನೆನಪಾದರೆ ಮುಂದಿನ ಪಾಪನಿವೇದನೆಯಲ್ಲಿ ಹೇಳಿದರೆ ಸಾಕು. ಅಲ್ಲಿಯವರೆಗೆ ಪರಮಪ್ರಸಾದ ಬಿಡಬೇಕಾಗಿಲ್ಲ, ರಾತ್ರಿ ಎಚ್ಚರವಿರಬೇಕಾಗಿಲ್ಲ. ಬಣ್ಣದ ಡಬ್ಬಿ ಒಡೆದದ್ದನ್ನು ಮರೆತರೆ ನೆನಪಿಸಿಕೊಳ್ಳಲು ಹೆಣಗಬೇಕಾಗಿಯೂ ಇಲ್ಲ. ತಮ್ಮನಿಗೆ ಹೊಸ ಡಬ್ಬಿ ಕೊಡಿಸಿದರೆ ಆಯಿತು. ಆಕೆ ಒಪ್ಪಿದರೆ ನೋಟ್‌ಬುಕ್ ಇಲ್ಲದೆಯೇ ಬರಲಿ. ಎದುರಿಗೆ ಕುಳಿತು ಮಾತನಾಡುವ ಅವಕಾಶವಿದೆ, ಮಕ್ಕಳಿಗೆ ಆ ಕತ್ತಲ ಪೆಟ್ಟಿಗೆಯೇ ಆಗಬೇಕೆಂದಿಲ್ಲ. ನಿಮ್ಮ ಧರ್ಮಕೇಂದ್ರದ ಗುರುಗಳಿಗೆ ಮೊದಲೇ ತಿಳಿಸಿ.

ವಾಕ್ಯನಿಷ್ಠ

ಗುರುಗಳೇ, ನಾನು ನಿಮ್ಮ ಸಭೆಯವನಲ್ಲ. ನಮ್ಮಲ್ಲಿ ಮೊಮ್ಮಗನಿಗೆ ದೃಢೀಕರಣದ ತರಗತಿ ನಡೆಯುತ್ತಿದೆ. ಮೊದಲ ಪಾಠಕ್ಕೆ ಯಾವ ಭಾಗವನ್ನು ಓದಿಸುವುದು ಒಳ್ಳೆಯದೆಂದು ನಿಮಗೆ ತೋರುತ್ತದೆ?

ನಿವೃತ್ತ ಗುರು

ರೋಮಾಪುರದವರ ಪತ್ರಿಕೆಯ ಎಂಟನೆಯ ಅಧ್ಯಾಯ. ಮತ್ತೆ ಭಯಕ್ಕೆ ಬೀಳಿಸುವ ದಾಸತ್ವದ ಆತ್ಮವನ್ನಲ್ಲ, "ಅಪ್ಪಾ, ತಂದೆಯೇ" ಎಂದು ಕೂಗಿಸುವ ಆತ್ಮವನ್ನು ಪಡೆದಿರಿ ಎನ್ನುವ 15ನೇ ವಚನದಿಂದ ಶುರುಮಾಡಿ ಅಧ್ಯಾಯದ ಕೊನೆಯವರೆಗೆ ಓದಿಸಿ. ನಂತರ ನೀವು ಹೇಳಿದ ಆರನೆಯ ಅಧ್ಯಾಯಕ್ಕೆ ಬನ್ನಿ. ಆ ಕ್ರಮದಲ್ಲಿ ಓದಿದರೆ ಆರನೆಯ ಅಧ್ಯಾಯ ಹುಡುಗನಿಗೆ ಬೆದರಿಕೆಯಂತೆ ಕೇಳಿಸುವುದಿಲ್ಲ.

ವಾಕ್ಯನಿಷ್ಠ

ಸರಿ. ಈ ಭಾನುವಾರ ಹಾಗೆಯೇ ಓದಿಸುತ್ತೇನೆ. ಆದರೆ ಮತ್ತಾಯ 10:28ನ್ನೂ ಬಿಡುವುದಿಲ್ಲ, 31ರವರೆಗೆ ಓದಿಸುತ್ತೇನೆ.